ಹೊಳೆಯಾಚೆಯ ಹನ್ನೊಂದು ಬಿಲದಿಲಿಗಳು

ಪ್ರಾಣಿ ಸಂಗ್ರಹಾಲಯದಲ್ಲಿ ಎಲ್ಲರೂ ಅವನನ್ನು ದಬ್ಬಳ ಎಂದೇ ಕರೆಯುತ್ತಿದ್ದರು. ಅಂಗಿಯ ಕಾಲರಿಗೆ ಸದಾ ಒಂದು ದಪ್ಪ ಸೂಜಿ ಚುಚ್ಚಿಕೊಂಡಿರುತ್ತಿದ್ದ. ಮೂವತ್ತೆಂಟು ವರ್ಷ ಮಾಡಿದ ಕೆಲಸ ಒಂದೇ: ಬಿಲ ತೋಡುವ ಇಲಿಗಳನ್ನು ಹಿಡಿದು, ಚರ್ಮ ಸುಲಿದು, ಹತ್ತಿ ತುಂಬಿ ಹೊಲಿದು, ಸಿಕ್ಕ ಜಾಗ ಬರೆದ ಚೀಟಿಯನ್ನು ಹಿಂಗಾಲಿಗೆ ಕಟ್ಟುವುದು. ತನ್ನ ಹೊಲಿಗೆ ಯಾರ ಕಣ್ಣಿಗೂ ಬೀಳದೆಂದು ಜಂಬ ಕೊಚ್ಚುತ್ತಿದ್ದ. ಬೀಳುತ್ತಲೂ ಇರಲಿಲ್ಲ.

ಆದರೆ ಹದಿನಾಲ್ಕನೆಯ ಕಪಾಟಿನ ಕೆಳಗಿನ ಡ್ರಾಯರನ್ನು ಅವನು ತಾನಾಗಿ ಎಳೆದವನಲ್ಲ. ಅಲ್ಲಿ 'ಹೊಳೆಯಾಚೆ' ಎಂಬ ಚೀಟಿ ಹೊತ್ತ ಹನ್ನೊಂದು ಇಲಿಗಳು ಮಲಗಿದ್ದವು. ಕಣ್ಣಿನ ಜಾಗದಲ್ಲಿ ಹತ್ತಿ. ಆ ಬಿಳಿ ಕಣ್ಣುಗಳು ಹಾಡಹಗಲೇ ಅವನ ಬೆನ್ನು ಹತ್ತುತ್ತಿದ್ದವು. ಊಟಕ್ಕೆ ಕೂತರೆ ನೆಲದಡಿ ಏನೋ ಮಣ್ಣು ಕೆರೆದಂತಾಗಿ ತುತ್ತು ಕೈಯಲ್ಲೇ ನಿಲ್ಲುತ್ತಿತ್ತು.

"ಏನ್ರೀ, ಇಲಿ ಸಹವಾಸ ಮಾಡಿ ಇಲಿ ಕಿವಿ ಬಂತಾ ನಿಮಗೆ?" ಎಂದು ಹೆಂಡತಿ ಗದರುತ್ತಿದ್ದಳು.

ನಿವೃತ್ತಿಗೆ ಎರಡು ತಿಂಗಳಿರುವಾಗ, ಪ್ರಾಣಿಗಳ ರಕ್ತಸಂಬಂಧ ಪತ್ತೆಹಚ್ಚುವ ಸಂಶೋಧಕಿಯೊಬ್ಬಳು ಬಂದು, ಪ್ರತಿ ಇಲಿಯ ಬೆರಳಿನಿಂದ ಅಕ್ಕಿಕಾಳಿನಷ್ಟು ಚರ್ಮ ಕತ್ತರಿಸಿಕೊಂಡು ಹೋದಳು. ತಿಂಗಳಾದ ಮೇಲೆ ಕುಣಿಯುತ್ತಾ ಬಂದಳು.

"ಅಜ್ಜಾ, ಬೇರೆ ಕಡೆ ಒಂದು ಗುಡ್ಡ ದಾಟಿದ್ರೆ ಸಾಕು, ಇಲಿಗಳ ಬಳಗಾನೇ ಬೇರೆ. ಇಲ್ಲಿ ಅಷ್ಟಗಲ ಹೊಳೆ ಇದ್ರೂ ಎರಡು ದಡದವೂ ಒಡಹುಟ್ಟಿದವರ ಹಾಗಿವೆ! ನೀರು ಕಂಡ್ರೆ ಆಗದ ಪ್ರಾಣಿ ಹೇಗೆ ದಾಟ್ತು? ನಾಳೇನೇ ವಿಜ್ಞಾನ ಪತ್ರಿಕೆಗೆ ಬರೆದು ಕಳಿಸ್ತೀನಿ."

ದಬ್ಬಳ ಕೈಯಲ್ಲಿದ್ದ ಹೊಲಿಗೆಯನ್ನು ಕೆಳಗಿಟ್ಟ. ಸುಮ್ಮನಿದ್ದರೆ ಅವನ ಹೆಸರು ಉಳಿಯುತ್ತಿತ್ತು. ಅವಳ ಬರಹ ಮಾತ್ರ ಸುಳ್ಳಿನ ಮೇಲೆ ನಿಲ್ಲುತ್ತಿತ್ತು.

"ಅವು ದಾಟ್ಲಿಲ್ಲ ತಾಯಿ. ನಾನೇ ದಾಟ್ಲಿಲ್ಲ. ಆ ವರ್ಷ ಹೊಳೆ ತುಂಬಿತ್ತು, ದೋಣಿ ನೋಡಿ ಎದೆ ಝಲ್ ಅಂತು. ಈಚೆ ದಡದಲ್ಲೇ ಹನ್ನೊಂದು ಹಿಡಿದು ಆಚೇದು ಅಂತ ಬರೆದೆ. ಇಲಿ ಇಲಿಯೇ ತಾನೆ, ಯಾರಿಗೆ ಗೊತ್ತಾಗುತ್ತೆ ಅಂದ್ಕೊಂಡೆ."

ಅವಳು ಕೈಯಲ್ಲಿದ್ದ ಕಾಗದಗಳನ್ನು ಮಡಚಿದಳು. ಆಮೇಲೆ, "ಈಗ ಹೋಗಿ ಹಿಡಿಯೋಣ. ಸೇತುವೆ ಇದೆಯಲ್ಲ," ಎಂದಳು.

"ಸೇತುವೆ ಇದೆ, ಇಲಿ ಇಲ್ಲ. ಆಚೆ ದಡಕ್ಕೆಲ್ಲ ಕಾಂಕ್ರೀಟ್ ಹಾಕಿ ಇಪ್ಪತ್ತು ವರ್ಷ ಆಯ್ತು. ನಾಲ್ಕು ಸಲ ಹೋಗಿ ಹುಡುಕಿದೀನಿ. ಒಂದು ಬಿಲಾನೂ ಕಾಣ್ಲಿಲ್ಲ."

ಆಚೆಯವು ಯಾರ ಬಳಗ, ಹೇಗಿದ್ದವು ಎಂದು ಹೇಳಲು ಒಂದು ಕೂದಲೂ ಉಳಿದಿರಲಿಲ್ಲ.

ಹಳೆಯ ಚೀಟಿ ಕೀಳಬಾರದು, ತಿದ್ದುಪಡಿಯ ಚೀಟಿಯನ್ನು ಪಕ್ಕದಲ್ಲೇ ಕಟ್ಟಬೇಕು ಎಂಬುದು ಅಲ್ಲಿಯ ಕಟ್ಟಳೆ. ಅವನು ಒಂದೊಂದಾಗಿ ಬರೆದ: 'ಈಚೆ ದಡ. ಮೊದಲು ಸುಳ್ಳು ಬರೆದವನು ನಾನೇ.' ಹತ್ತು ಮುಗಿದು ಕೊನೆಯದೊಂದು ಉಳಿದಾಗ ಅವಳು ಲೇಖನಿಗೆ ಕೈ ಚಾಚಿದಳು.

"ಕೊಡಿ ಅಜ್ಜಾ, ಇದೊಂದು ನಾನು ಬರೀತೀನಿ."

"ಬೇಡ," ಎಂದು ಅವನು ಲೇಖನಿಯನ್ನು ಇನ್ನೂ ಬಿಗಿಯಾಗಿ ಹಿಡಿದ.