ಟೈಲರಮ್ಮನ ಕೋಣೆ ಬಿಡದ ಹುಂಜ

ಮಾಗಿಯ ಚಳಿ ಇನ್ನೂ ಬೀದಿ ಬಿಟ್ಟಿಲ್ಲ. ಬೆಳಕು ಹರಿಯುತ್ತಿದ್ದಂತೆ ಟೈಲರಮ್ಮ ಅಂಗಡಿಯ ಬಾಗಿಲನ್ನು ಮೊಣಕಾಲೆತ್ತರಕ್ಕೆ ಎತ್ತಿ, ಹೊಲಿಗೆ ಯಂತ್ರಕ್ಕೆ ಎಣ್ಣೆ ಬಿಡುತ್ತಾರೆ. ಪಕ್ಕದ ಬೆಂಚಿನ ಮೇಲೆ ಅವರ ಅತ್ತೆ ಮಲಗಿದ್ದಾರೆ. ಬೆಂಚು ಗಿರಾಕಿಗಳು ಕೂರಲೆಂದು ಮಾಡಿಸಿದ್ದು. ಮಗ್ಗುಲು ಬದಲಿಸಿದರೆ ನೆಲವೇ ಗತಿ. ಸೊಂಟದ ಮೂಳೆ ಮುರಿದ ಮೇಲೆ ಅತ್ತೆಗೆ ಮಹಡಿ ಹತ್ತಲಾಗದು. ಅಂಗಡಿಯ ಹಿಂದೆ ಕೋಣೆಯೇನೋ ಒಂದಿದೆ, ಆದರೆ ಅದರಲ್ಲಿ ಮಂಚ ಹಾಕುವಂತಿಲ್ಲ. ಅಲ್ಲಿ ಬಾವುಟ ಮಲಗಿದೆ.

ಊರ ಫುಟ್‌ಬಾಲ್ ಕ್ಲಬ್ಬಿನ ಬಾವುಟ ಅದು. ಹಸಿರು ಬಿಳಿ ಬಣ್ಣದ ಹದಿನಾರು ಪಟ್ಟಿ, ನಡುವಿನ ನಾಲ್ಕು ಪಟ್ಟಿಗಳ ಮೇಲೆ ಕೆಂಪು ಜುಟ್ಟಿನ ಹುಂಜ. ಬಿಡಿಸಿದರೆ ಮೈದಾನದ ಒಂದು ಮಗ್ಗುಲಿನ ಮೆಟ್ಟಿಲುಸಾಲು ಮುಚ್ಚುತ್ತದೆ. ಮಡಿಸಿದರೆ ಟೈಲರಮ್ಮನ ಕೋಣೆ ಮುಚ್ಚುತ್ತದೆ.

“ಕೋಳಿಯಾಗಿದ್ರೆ ಮೊಟ್ಟೆಯಾದ್ರೂ ಇಡ್ತಿತ್ತು,” ಅನ್ನುತ್ತಾರೆ ಅತ್ತೆ, ಕಣ್ಣು ತೆರೆಯದೆ. “ಇದು ಕೂಗೋದೂ ಇಲ್ಲ, ಹೋಗೋದೂ ಇಲ್ಲ.”

ಕ್ಲಬ್ಬು ದೊಡ್ಡ ಪಂದ್ಯಾವಳಿಗೆ ಏರಿದ ವರ್ಷ ಹುಡುಗರ ದಂಡೊಂದು ಬಟ್ಟೆಯ ಥಾನು ಹೊತ್ತು ಇದೇ ಬಾಗಿಲಿಗೆ ಬಂದಿತ್ತು. ಆಗ ಟೈಲರಮ್ಮ ಈ ಮನೆಗೆ ಹೊಸ ಸೊಸೆ. ಒಳಗೆ ಹಾಸಲು ಜಾಗ ಸಾಲದೆ ಯಂತ್ರವನ್ನು ಬೀದಿಗಿಳಿಸಿ ಹೊಲಿದರು. ಹುಡುಗರು ಸುತ್ತ ನಿಂತು ಬಟ್ಟೆ ಎತ್ತಿ ಹಿಡಿದರು, ಅನ್ನ ನಿದ್ದೆ ಬಿಟ್ಟರು. ಮುಂದೆ ಪ್ರತಿ ಪಂದ್ಯಕ್ಕೂ ಬಾವುಟ ಇಲ್ಲಿಂದಲೇ ಮೆರವಣಿಗೆ ಹೊರಡುತ್ತಿತ್ತು. ಹೊರುವುದಕ್ಕೆ ಜಾಗ ಸಿಗದವನು ಮುಖ ಊದಿಸಿಕೊಂಡು ಹಿಂದೆ ನಡೆಯುತ್ತಿದ್ದ.

ಆ ಹುಡುಗರ ವಯಸ್ಸನ್ನು ಟೈಲರಮ್ಮ ಅವರ ಅಂಗಿಗಳಲ್ಲಿ ಅಳೆದಿದ್ದಾರೆ. ಮೊದಮೊದಲು ಕ್ಲಬ್ಬಿನ ಅಂಗಿ ತಂದು, ಮೈಗೆ ಅಂಟುವ ಹಾಗೆ ಬಿಗಿ ಮಾಡಿಕೊಡಿ ಅನ್ನುತ್ತಿದ್ದರು. ಟೈಲರಮ್ಮ ಬಿಗಿ ಮಾಡಿದರೂ ಹೊಲಿಗೆಯ ಒಳಗೆ ಉಳಿದ ಬಟ್ಟೆಗೆ ಕತ್ತರಿ ತಾಗಿಸುತ್ತಿರಲಿಲ್ಲ. ಮನುಷ್ಯ ನಾಳೆ ಹೇಗಾಗುತ್ತಾನೋ ಯಾರು ಬಲ್ಲರು, ಒಳಗೆ ಬಟ್ಟೆ ಬಿಟ್ಟಿರಬೇಕು ಅನ್ನುವುದು ಅವರು ಕಲಿತ ವಿದ್ಯೆ. ಮದುವೆಯಾಯಿತು, ಅದೇ ಅಂಗಿಗಳು ಪಕ್ಕ ಬಿಡಿಸಲು ಬಂದವು. ಆಮೇಲೆ ಭುಜ ಎತ್ತಲಾಗದವರು ಮುಂದೆ ಸೀಳಿ ಗುಂಡಿ ಹಾಕಿಸಿಕೊಂಡರು. ಹೋದ ತಿಂಗಳು ಅವರಲ್ಲೊಬ್ಬರಾದ ಬೇಕರಿಯವರು ತಮ್ಮ ಅಂಗಿ ತಂದು, ಸ್ಕೂಟರ್ ಸೀಟಿಗೆ ಕವರ್ ಆಗುತ್ತದೆಯೇ ಎಂದು ಕೇಳಿದರು. ಇದೇ ಮನುಷ್ಯ ಒಂದು ಕಾಲದಲ್ಲಿ, ಕ್ಲಬ್ಬು ಸೋತ ದಿನ ಒಲೆ ಹಚ್ಚದೆ ಊರಿಗೆಲ್ಲ ಬ್ರೆಡ್ ಇಲ್ಲದ ಹಾಗೆ ಮಾಡಿದವರು.

“ಪಂದ್ಯಕ್ಕೆ ಹೋಗೋದು ಒಂದೇ ಸಲಕ್ಕೆ ಬಿಟ್ಟಿದ್ರೆ ನಂಗೂ ಗೊತ್ತಾಗ್ತಿತ್ತು,” ಅನ್ನುತ್ತಾರೆ ಟೈಲರಮ್ಮ. “ಮೊದಲು ಹೊರಗಿನ ಊರಿಗೆ ಹೋಗೋದು ಬಿಟ್ರು. ಆಮೇಲೆ ಮಳೆ ಬಂದ್ರೆ ಹೋಗಲ್ಲ, ಆಮೇಲೆ ಮೋಡ ಆದ್ರೂ ಹೋಗಲ್ಲ. ಈಗ ಕೇಳಿದ್ರೆ, ಸೋಫಾ ಮೇಲೆ ಕೂತ್ರೆ ಗೋಲು ಎರಡೆರಡು ಸಲ ತೋರಿಸ್ತಾರಕ್ಕಾ ಅಂತಾರೆ. ನನ್ನ ಕೋಣೆ ಕೊಟ್ಬಿಡ್ರಪ್ಪಾ ಅಂದ್ರೆ ಮಾತ್ರ ಮುಂದಿನ ವಾರ.”

ಈ ಮುಂದಿನ ವಾರದ ಮಾತಿನ ಒಡೆಯ ಸೀಟಿಯಣ್ಣ. ಬಸ್ ಕಂಡಕ್ಟರ್ ಆಗಿ ನಿವೃತ್ತರಾದವರು, ಬಾವುಟ ಹೊರುವವರ ಮುಂದಾಳು. ಅವರ ಒಂದು ಸೀಟಿಗೆ ಇಡೀ ದಂಡು ಹೆಜ್ಜೆ ಕಿತ್ತಿಡುತ್ತಿತ್ತು. ಮೂರು ವರ್ಷದಿಂದ ಅವರು ಈ ಬೀದಿ ಬಿಟ್ಟು ಸುತ್ತುಹಾದಿ ಹಿಡಿದಿದ್ದಾರೆ. ಕೊನೆಗೆ ಟೈಲರಮ್ಮ ಅವರ ಮನೆ ಬಾಗಿಲಿಗೇ ಹೋಗಿ ಹೇಳಿದ್ದಾರೆ: ಭಾನುವಾರ ಈ ಸಾಲಿನ ಕೊನೆಯ ಪಂದ್ಯ, ಅಷ್ಟರೊಳಗೆ ಎತ್ತದಿದ್ದರೆ ಕತ್ತರಿಸಿ ಶಾಲೆಯ ಪರದೆ ಹೊಲಿಯುತ್ತೇನೆ.

ಕತ್ತರಿಯ ಸುದ್ದಿಗೆ ಶನಿವಾರ ಬೆಳಿಗ್ಗೆ ನಾಲ್ವರು ಬರುತ್ತಾರೆ: ಸೀಟಿಯಣ್ಣ, ಬೇಕರಿಯವರು, ಬಣ್ಣ ಬಳಿಯುವ ಅಣ್ಣ ತಮ್ಮ ಇಬ್ಬರು. ಉಳಿದವರೆಲ್ಲಿ ಅಂದರೆ ಒಬ್ಬರಿಗೆ ಬೆನ್ನು, ಒಬ್ಬರಿಗೆ ಮೊಮ್ಮಗಳು. ಕ್ಲಬ್ಬಿನ ಮಾನಕ್ಕೆ ಕತ್ತರಿ ಹಾಕುವುದೇ ಎಂದು ನಾಲ್ವರೂ ಗರಂ ಆಗುತ್ತಾರೆ. ಸರಿ, ಮನೆಗೆ ಒಯ್ಯಿರಿ ಅಂದರೆ ನಾಲ್ವರೂ ಗೋಡೆಯ ಗಡಿಯಾರ ನೋಡುತ್ತಾರೆ. ಜಾಗವಿಲ್ಲ, ಹೆಂಡತಿ ಒಳಗೆ ಬಿಡುವುದಿಲ್ಲ. ಮಾತಿಗೆ ಮಾತು ಬೆಳೆದು ಬಾವುಟ ಹೊರಡಿಸಿಯೇ ಸಿದ್ಧ ಎಂದು ಎತ್ತುತ್ತಾರೆ. ಸೀಟಿಯಣ್ಣ ಸೀಟಿ ಊದುತ್ತಾರೆ. ಬಾವುಟ ಹೊಸ್ತಿಲು ದಾಟುವುದರೊಳಗೆ ಬಣ್ಣದವರಲ್ಲಿ ಅಣ್ಣನ ನಡ ಉಳುಕಿ, ಎಲ್ಲರೂ ಅದರ ಮೇಲೇ ಕುಸಿದು ಕೂರುತ್ತಾರೆ.

“ಹಾಸಿಗೆ ಸಿಕ್ತು ಬಿಡ್ರಪ್ಪಾ,” ಅನ್ನುತ್ತಾರೆ ಅತ್ತೆ ಬೆಂಚಿನಿಂದ. “ನಂಗೆ ಸಿಗದಿದ್ರೂ ನಿಮಗಾದ್ರೂ ಸಿಕ್ತಲ್ಲ.”

ಟೈಲರಮ್ಮ ನಾಲ್ವರನ್ನೂ ನೋಡುತ್ತಾರೆ, ಗಿರಾಕಿಯ ಅಳತೆ ತೆಗೆಯುವ ಹಾಗೆ. ಆಮೇಲೆ ಏಳಿ ಏಳಿ ಎಂದು ಗದರಿಸಿ, ನಾಳೆ ಮಧ್ಯಾಹ್ನ ಬನ್ನಿ ಅನ್ನುತ್ತಾರೆ. ಶಾಲೆಯ ಸಮವಸ್ತ್ರದ ಕೆಲಸ ಪಕ್ಕಕ್ಕಿಟ್ಟು, ಬ್ಲೇಡು ಹಿಡಿದು ಕೂರುತ್ತಾರೆ. ಶನಿವಾರ ಕಳೆದು ಭಾನುವಾರದ ಬೆಳಕು ಹರಿದಾಗಲೂ ಪಟ್ಟಿ ಪಟ್ಟಿಯ ನಡುವಿನ ಹೊಲಿಗೆ ಬಿಚ್ಚುತ್ತಲೇ ಇದ್ದಾರೆ. ತಾವೇ ಹಾಕಿದ ಹೊಲಿಗೆ. ಇಷ್ಟು ಗಟ್ಟಿಯಾಗಿ ಯಾಕೆ ಹಾಕಿದೆನೋ ಎಂದು ತಮ್ಮನ್ನೇ ಬೈದುಕೊಳ್ಳುತ್ತಾರೆ.

ಮಧ್ಯಾಹ್ನ ನಾಲ್ವರೂ ಬರುತ್ತಾರೆ. ಬೇಕರಿಯವರು ಅಂಗಿ ತೊಟ್ಟು ಬಂದಿದ್ದಾರೆ; ಕೆಳಗಿನ ಗುಂಡಿ ಸೇರಿಲ್ಲ. ಟೇಬಲ್ಲಿನ ಮೇಲೆ ಹುಂಜವಿರುವ ನಾಲ್ಕು ಪಟ್ಟಿ ಮಾತ್ರ ಮಡಿಸಿಟ್ಟಿದೆ, ಸುತ್ತ ಹೊಸದಾಗಿ ಅಂಚು ಮಡಚಿ ಹೊಲಿದಿದೆ. ನಾಲ್ಕು ಮೂಲೆಗೆ ನಾಲ್ಕು ಹಿಡಿಕೆ. ಉಳಿದ ಹನ್ನೆರಡು ಪಟ್ಟಿಗಳನ್ನು ಸುರುಳಿ ಸುತ್ತಿ, ತಲೆಗೆ ಮೂರರಂತೆ ಕಟ್ಟಿಟ್ಟಿದ್ದಾರೆ. ಹೆಂಡತಿ ಕೇಳಿದರೆ ದಿಂಬು ಅಂತ ಹೇಳಿ ಅನ್ನುತ್ತಾರೆ.

ಸೀಟಿಯಣ್ಣ ಸುರುಳಿಯೊಂದನ್ನು ಬಿಡಿಸಿ ಅಂಚನ್ನು ಬೆರಳಲ್ಲಿ ಸವರುತ್ತಾರೆ. ಕತ್ತರಿ ತಾಗಿಲ್ಲ. ಹಳೆಯ ಸೂಜಿಯ ತೂತುಗಳು ಸಾಲಾಗಿ ಹಾಗೇ ಇವೆ.

“ಒಳಗೆ ಬಟ್ಟೆ ಬಿಟ್ಟೇ ಹೊಲಿದಿದ್ದೆ,” ಅನ್ನುತ್ತಾರೆ ಟೈಲರಮ್ಮ. “ಈಗ ನೀವು ನಾಲ್ಕು ಜನ, ನಾಲ್ಕು ಜನರ ಅಳತೆಗೆ ಮಾಡಿದ್ದೀನಿ. ಜನ ಕರ್ಕೊಂಡು ಬನ್ನಿ, ಎಷ್ಟು ಜನ ಬರ್ತಾರೋ ಅಷ್ಟು ಪಟ್ಟಿ ಕೂಡಿಸಿಕೊಡ್ತೀನಿ. ಇಡೋಕೆ ಮಾತ್ರ ನನ್ನ ಹತ್ರ ತರಬೇಡಿ.”

ಸೀಟಿಯಣ್ಣ ಈ ಸಲ ಸೀಟಿ ಊದುವುದಿಲ್ಲ, ತಾವೇ ಒಂದು ಮೂಲೆ ಹಿಡಿಯುತ್ತಾರೆ. ನಾಲ್ವರೂ ಮೈದಾನದ ಕಡೆ ಬೀದಿ ತಿರುಗುವ ಮೊದಲೇ ಟೈಲರಮ್ಮ ಕೋಣೆಯ ನೆಲ ಒರೆಸಿ ಮಂಚ ಹಾಕುತ್ತಾರೆ. ಅತ್ತೆ ಗೋಡೆ ಹಿಡಿದು ಬಂದು ಮಲಗಿ, ಈ ಕಡೆ ಒಮ್ಮೆ ಆ ಕಡೆ ಒಮ್ಮೆ ಮಗ್ಗುಲು ಬದಲಿಸಿ ನೋಡುತ್ತಾರೆ. ಹುಂಜ ಈ ಮನೆ ಬಿಟ್ಟಿದ್ದು ಆ ಭಾನುವಾರ.