ಗಿರಿಜಾಳ ಸೊಂಟಕ್ಕೆ ಬಿದ್ದ ನನ್ನ ಒದೆ

ನಾನು ಕಾಲು ಮುಂದಾಗಿ ಹುಟ್ಟಿದವಳು. ಅಂಥವರು ಎಡಗಾಲಿನಿಂದ ಮೆಲ್ಲಗೆ ಒದ್ದರೆ ಉಳುಕಿದ ಸೊಂಟ ಸರಿಹೋಗುತ್ತದೆ ಎಂದು ನಮ್ಮ ಕಡೆ ನಂಬಿಕೆ. ಎರಡನೆಯ ಇಯತ್ತೆಗೆ ಶಾಲೆ ಬಿಟ್ಟ ನನಗೆ ಅದೇ ಉದ್ಯೋಗವಾಯಿತು. ಅಕ್ಕಿಆಲೂರಿನ ನಮ್ಮ ಮನೆಯ ಕಟ್ಟೆಯ ಮೇಲೆ ನಲವತ್ತು ವರ್ಷ ಎಣ್ಣೆ ತಿಕ್ಕಿದ್ದೇನೆ, ಒದ್ದಿದ್ದೇನೆ. ಬಹಳ ಮಂದಿಗೆ ವಾಸಿಯಾಗಿದೆ. ಉಳುಕು ನಾಲ್ಕು ದಿನಕ್ಕೆ ತಾನೇ ಹೋಗುತ್ತದೆ ಎಂಬುದೂ ನನಗೆ ಗೊತ್ತಿತ್ತು.

ಐದು ವರ್ಷದ ಹಿಂದೆ, ಭತ್ತದ ನಾಟಿಯ ದಿನಗಳಲ್ಲಿ, ತಿಳವಳ್ಳಿಯ ಬಸವ್ವ ತನ್ನ ಸೊಸೆ ಗಿರಿಜಾಳನ್ನು ಕರೆತಂದಳು.

"ಮದಿವ್ಯಾಗಿ ವರ್ಷಾತು, ಬಗ್ಗಿದ್ರ ಸೊಂಟ ಅಂತಾಳ. ಮೈಗಳ್ಳಿ. ಈ ಸಲ ಆರಾಮ ಆಗ್ಲಿಲ್ಲಂದ್ರ ತವರಿಗೆ ಬಿಟ್ಟು ಬರೂದ."

ನಾನೂ ಅವಳನ್ನು ಮೈಗಳ್ಳಿ ಎಂದೇ ತಿಳಿದೆ. ವಾರಕ್ಕೊಮ್ಮೆಯಂತೆ ಮೂರು ಸಲ ಒದ್ದೆ. ಮೂರನೆಯ ಸಲ ಹುಡುಗಿ ಗೋಡೆ ಹಿಡಿದು ಕುಸಿದಳು.

"ನಾಟಕ ಬ್ಯಾಡವ್ವ" ಎಂದೆ.

"ಇನ್ನೊಮ್ಮೆ ಒದೀರಿ ಆಯಿ. ಆದ್ರ ಸುಳ್ಳು ಅನ್ನಬ್ಯಾಡ್ರಿ."

ಎತ್ತಿದ ಕಾಲು ಇಳಿಸಿದೆ. ಬೋರಲು ಮಲಗಿಸಿ ಬೆರಳಿಂದ ಒತ್ತಿ ನೋಡಿದೆ. ಎಡಕ್ಕೆ, ಸೊಂಟದ ಕೆಳಗೆ, ಅದೊಂದೇ ಕಡೆ ಅವಳು ಬೆಚ್ಚುತ್ತಿದ್ದಳು. ಉಳುಕು ವರ್ಷಗಟ್ಟಲೆ ಒಂದೇ ಜಾಗ ಹಿಡಿದು ಕೂರುವುದಿಲ್ಲ. ಮರುದಿನ ಅತ್ತೆ ಸೊಸೆ ಇಬ್ಬರನ್ನೂ ಬಸ್ಸು ಹತ್ತಿಸಿಕೊಂಡು ಹಾನಗಲ್ಲಿನ ಆಸ್ಪತ್ರೆಗೆ ಹೋದೆ.

ಡಾಕ್ಟರು ಎಕ್ಸ್‌ರೇ ಬೆಳಕಿಗೆ ಹಿಡಿದು ತೋರಿಸಿದರು. ಬೆನ್ನೆಲುಬಿನ ಕೆಳಗಿನ ಮಣಿ ಎಡಗಡೆ ರೆಕ್ಕೆಯಂತೆ ಅಗಲವಾಗಿ ಅದರಡಿಯ ಎಲುಬಿಗೆ ಕೂಡಿಕೊಂಡಿತ್ತು.

"ಹುಟ್ಟಿದಾಗಿಂದ ಹಿಂಗ ಐತಿ. ಎಷ್ಟೋ ಮಂದಿಗೆ ಇರತೈತಿ, ನೋವು ಬರಂಗಿಲ್ಲ. ಈಕಿಗೆ ಬಂದೈತಿ."

ಕೆಲವು ದಿನ ಗುಳಿಗೆ, ದಿನಾಲೂ ವ್ಯಾಯಾಮ. ಸದ್ಯಕ್ಕೆ ಭಾರ ಎತ್ತಬಾರದು, ಹೊತ್ತುಗಟ್ಟಲೆ ಬಗ್ಗಬಾರದು ಎಂದರು.

"ಮತ್ತ ನಾ ಒದ್ದದ್ದು?" ಎಂದು ಕೇಳಿದೆ.

"ಇನ್ನ ಮ್ಯಾಲೆ ಒದೀಬ್ಯಾಡ್ರಿ."

ಗಿರಿಜಾ ಆ ಹಾಳೆಯನ್ನು ಎರಡೂ ಕೈಯಲ್ಲಿ ಹಿಡಿದು ಅತ್ತೆಯ ಮುಂದೆ ಚಾಚಿದಳು. "ನೋಡ್ರಿ ಅತ್ತಿ, ಐತಿ." ಅಲ್ಲಿಯವರೆಗೆ ಅಳದವಳು ಆಗ ಅತ್ತಳು. ಬಸವ್ವ ಹಾಳೆ ಇಸಿದುಕೊಂಡು ಬೆಳಕಿಗೆ ಹಿಡಿದು ನೋಡಿದಳು. ತಪ್ಪು ನನ್ನದೂ ಇದೆ ಎಂದು ನಾನೇ ಹೇಳಿದೆ.

ಎರಡು ತಿಂಗಳ ಮೇಲೆ ತಿಳವಳ್ಳಿಗೆ ಹೋದೆ. ಚಾಪೆಯ ಮೇಲೆ ಗಿರಿಜಾ ಅಂಗಾತ ಮಲಗಿ, ಮೊಣಕಾಲು ಮಡಚಿ, ಸೊಂಟ ಎತ್ತಿ ಇಳಿಸುತ್ತಿದ್ದಳು. ಪಕ್ಕದಲ್ಲೇ ಬಸವ್ವ ಏದುಸಿರು ಬಿಡುತ್ತಾ ಅದನ್ನೇ ಮಾಡುತ್ತಿದ್ದಳು.

"ನಿನಗೇನಾಗೇತಿ?" ಎಂದೆ.

"ನನಗೂ ಇಪ್ಪತ್ತು ವರ್ಷದಿಂದ ನೋಯ್ತೈತಿ. ಯಾರ ಮುಂದ ಹೇಳೂದಿತ್ತು?"

"ಮಾತು ಸಾಕ್ರಿ ಅತ್ತಿ, ಸೊಂಟ ಎತ್ರಿ" ಎಂದಳು ಗಿರಿಜಾ.

ಗಿರಿಜಾಳ ನೋವು ಪೂರ್ತಿ ಹೋಗಿರಲಿಲ್ಲ, ಕಡಿಮೆಯಾಗಿತ್ತು. ತವರಿನ ಮಾತು ಆ ಮನೆಯಲ್ಲಿ ಮತ್ತೆ ಬರಲಿಲ್ಲ.

ಈಗಲೂ ಜನ ಬರುತ್ತಾರೆ. ಎಷ್ಟು ದಿನದ ನೋವು ಎಂದು ಮೊದಲು ಕೇಳುತ್ತೇನೆ. ತಿಂಗಳು ದಾಟಿದ್ದರೆ ಕಾಲು ಎತ್ತುವುದಿಲ್ಲ, ಹಾನಗಲ್ಲಿನ ಬಸ್ಸು ತೋರಿಸುತ್ತೇನೆ. ನೋವು ಎಂದು ಬಂದವರಿಗೆ ಸುಳ್ಳು ಎಂದು ಮಾತ್ರ ಅನ್ನುವುದಿಲ್ಲ.