ಆರನೇ ಹಲ್ಲು

ಮೂರು ತಿಂಗಳ ಹಿಂದೆ ನಾನು ಒಂದು ಪರೀಕ್ಷೆಯಲ್ಲಿ ಫೇಲಾದೆ.

ಪ್ರಶ್ನೆ ಕೇಳಿದವಳು ನನ್ನ ಹಳೆಯ ವಿದ್ಯಾರ್ಥಿನಿ. ಕೇಳಿದ್ದು ನಾನೇ ಪಾಠ ಮಾಡಿದ್ದ ಅಧ್ಯಾಯದಿಂದ. ನೋಡುವುದಕ್ಕೆ ನನ್ನ ತಾಯಿ, ಹೆಂಡತಿ, ಮಗಳು ಮೂವರೂ ಹಾಜರಿದ್ದರು. ಇಪ್ಪತ್ತೆರಡು ವರ್ಷದಿಂದ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುತ್ತಿರುವ ಮೇಷ್ಟರಿಗೆ ಇದಕ್ಕಿಂತ ಮರ್ಯಾದೆ ಬೇಕೆ?

ಮೊದಲಿನಿಂದ ಹೇಳಿಬಿಡುತ್ತೇನೆ.

ನನ್ನ ಮಗಳು ಮೋಕ್ಷಿತಾಗೆ ಎಂಟು ವರ್ಷ. ಮೂರನೇ ಕ್ಲಾಸು. ನಮ್ಮ ಮನೆಯಲ್ಲಿ ಅವಳ ಹಲ್ಲು ಬೀಳುವುದೆಂದರೆ ಹಬ್ಬ. ಮೊದಲನೇ ಹಲ್ಲು ಬಿದ್ದ ದಿನ ನಮ್ಮವ್ವ ಸಗಣಿ ಬೇಕೆಂದಳು. ಬಿದ್ದ ಹಲ್ಲನ್ನು ಸಗಣಿ ಉಂಡೆಯೊಳಗಿಟ್ಟು ಮನೆ ಮೇಲೆ ಎಸೆದರೆ ಹೊಸ ಹಲ್ಲು ಬೇಗ ಬರುತ್ತದೆ, ನೆಟ್ಟಗೂ ಬರುತ್ತದೆ ಎನ್ನುವುದು ಅವಳ ಶಾಸ್ತ್ರ. ಹುಣಸೂರಿನ ನಮ್ಮ ಲೇಔಟಿನಲ್ಲಿ ಹುಡುಕಿದರೆ ಎರಡು ಜಿಮ್ ಸಿಗುತ್ತವೆ, ಒಂದು ಹಸು ಸಿಗುವುದಿಲ್ಲ. ಸ್ಕೂಟರ್ ಹತ್ತಿ ಊರಾಚೆ ಹೋಗಿ, ಗುರುತು ಪರಿಚಯ ಇಲ್ಲದವರ ಕೊಟ್ಟಿಗೆ ಮುಂದೆ ನಿಂತು, ಒಂದು ಹಿಡಿ ಸಗಣಿ ಕೊಡಿ ಎಂದು ಕೇಳಿದೆ. (ಗಿಡಕ್ಕಾ ಎಂದರು. ಹಲ್ಲಿಗೆ ಎಂದೆ. ಆಮೇಲೆ ಅವರು ಏನೂ ಕೇಳಲಿಲ್ಲ.)

ಹೆಂಚಿನ ಮನೆಯಾಗಿದ್ದರೆ ಎಸೆದದ್ದು ಮೇಲೇ ಉಳಿಯುತ್ತಿತ್ತೇನೋ. ನಮ್ಮದು ಆರ್‌ಸಿಸಿ. ಮೊದಲ ಸಲ ಎಸೆದದ್ದು ಸೋಲಾರ್‌ಗೆ ಬಡಿದು ವಾಪಸ್ ಬಂತು. ಎರಡನೇ ಸಲ ಪಕ್ಕದ ಮನೆಯವರು ಒಣಹಾಕಿದ್ದ ಬಟ್ಟೆಗೆ ಹೋಗಿ ಬಿತ್ತು. (ಬಿಳಿ ಶರ್ಟು. ಇನ್ಯಾವುದು ಇರುತ್ತದೆ?) ಮೂರನೇ ಸಲ ನಾನೇ ಮೆಟ್ಟಿಲು ಹತ್ತಿ ಹೋಗಿ ಇಟ್ಟು ಬಂದೆ. ಅದು ಲೆಕ್ಕಕ್ಕಿಲ್ಲ ಎಂದಳು ಅವ್ವ.

ಹೀಗೆ ಮುಂದಿನ ಹಲ್ಲುಗಳು ಒಂದೊಂದಾಗಿ ಬಿದ್ದವು, ಹೊಸವು ಬಂದವು. ನಮಗೂ ಅಭ್ಯಾಸವಾಯಿತು. ಆದ್ದರಿಂದ ಕೆಳಗಿನ ಎಡಗಡೆ ಕೊನೆಯ ಹಲ್ಲಿನ ಮೇಲೆ ಒಂದು ಕಪ್ಪು ಚುಕ್ಕೆ ಕಂಡಾಗ ಮನೆಯಲ್ಲಿ ಯಾರಿಗೂ ಗಾಬರಿಯಾಗಲಿಲ್ಲ.

ತಪ್ಪು, ಒಬ್ಬರಿಗೆ ಆಯಿತು. ನನ್ನ ಹೆಂಡತಿ ಸವಿತಾ, 'ರೀ, ಒಂದ್ಸಲ ಡಾಕ್ಟ್ರಿಗೆ ತೋರಿಸ್ಬಿಡೋಣ' ಎಂದಳು.

'ಬಿದ್ದೋಗೋ ಅಲ್ಗೆ ಯಾಕವ್ವ ಡಾಕ್ಟ್ರು? ಸುಮ್ಕೆ ಬುಡು. ಅದ್ರ ಪಾಡ್ಗೆ ಅದು ಬೀಳ್ತದೆ' ಎಂದಳು ಅವ್ವ. (ಅವಳು ಹಲ್ಲಿಗೆ ಅಲ್ಲು ಅನ್ನುತ್ತಾಳೆ. ಬಾಯಲ್ಲಿ ಹಲ್ಲೆಲ್ಲ ಇದ್ದ ಕಾಲದಲ್ಲೂ 'ಹ' ಇರಲಿಲ್ಲ.)

ನಾನು ಏನು ಮಾಡಿದೆ? ಪೇಪರಿನಿಂದ ತಲೆ ಎತ್ತದೆ, 'ಹಾಲುಹಲ್ಲು ಕಣೇ. ಟೆಂಪರರಿ' ಎಂದೆ. ವಿಜ್ಞಾನ ಮೇಷ್ಟರ ಮಾತು.

ಆ ಚುಕ್ಕೆಗೆ ದಿನಾ ಆಹಾರ ಒದಗಿಸುತ್ತಿದ್ದವರೂ ನಾವೇ. ಸವಿತಾಳ ತವರು ಕೆ.ಆರ್. ನಗರದ ಕಡೆ. ಅವಳ ಅಣ್ಣ ಬಂದಾಗಲೆಲ್ಲ ಆಲೆಮನೆಯಿಂದ ಹೊಸ ಬೆಲ್ಲ ತಂದುಕೊಡುತ್ತಾನೆ. ಮೋಕ್ಷಿತಾ ಒಂದು ಚೂರು ಮುರಿದು ಕೆನ್ನೆಯೊಳಗೆ ಒತ್ತಿಕೊಂಡು ಹೋಂವರ್ಕ್‌ಗೆ ಕೂರುತ್ತಾಳೆ. ಎಡಗೆನ್ನೆಗೇ. ಹೋಂವರ್ಕ್ ಮುಗಿಯುವ ತನಕ ಬೆಲ್ಲವೂ ಮುಗಿಯುವುದಿಲ್ಲ. ಅದನ್ನು ನೋಡಿ ನಾವು, ಚಾಕೊಲೇಟ್ ಅಲ್ಲವಲ್ಲ, ಬೆಲ್ಲ ಒಳ್ಳೆಯದು, ಐರನ್ ಇರುತ್ತದೆ ಎಂದು ಬೀಗುತ್ತಿದ್ದೆವು. ಇನ್ನು ಬ್ರಷ್ ಮಾಡುವುದೋ? ಬೆಳಿಗ್ಗೆ ಒಂದು ಸಲ. ಪೇಸ್ಟಿನ ಘಮ ಬಂದರೆ ಸಾಕು, ಹಲ್ಲುಜ್ಜಿದ ಹಾಗೆ. ಬಾಯೊಳಗೆ ಇಣುಕಿ ನೋಡಿದವರು ಯಾರು?

ಒಂದು ಭಾನುವಾರ ಊಟಕ್ಕೆ ಕೂತಿದ್ದೆವು. ಮುದ್ದೆ ನುಂಗುವುದಕ್ಕೆ ಹಲ್ಲು ಬೇಡ. ಆದ್ದರಿಂದ ಮುದ್ದೆ ಮುಗಿಯುವ ತನಕ ವಿಷಯ ಹೊರಗೆ ಬರಲಿಲ್ಲ. ಕೋಳಿ ತುಂಡಿಗೆ ಬಾಯಿ ಹಾಕಿದ್ದೇ ತಡ, ಮೋಕ್ಷಿತಾ ಕಿಟಾರನೆ ಕಿರುಚಿದಳು. ಟಾರ್ಚ್ ಹಾಕಿ ನೋಡಿದರೆ ಚುಕ್ಕೆ ಹೋಗಿ ಗುಳಿಯಾಗಿದೆ. ಪಕ್ಕದ ವಸಡು ಕೆಂಪಗೆ ಊದಿಕೊಂಡಿದೆ. ಅವ್ವ ಹತ್ತಿಯಲ್ಲಿ ಲವಂಗದ ಎಣ್ಣೆ ಅದ್ದಿ ಇಟ್ಟಳು. ನೋವು ತಗ್ಗಿತು. ಕಿರುಚುವುದು ತಗ್ಗಲಿಲ್ಲ.

ಮಾರನೇ ದಿನ ಸಂಜೆ ನಾವು ನಾಲ್ಕೂ ಜನ ಹಲ್ಲಿನ ಕ್ಲಿನಿಕ್ಕಿಗೆ ಹೋದೆವು. ಡಾಕ್ಟರ್ ಚಿಕ್ಕ ವಯಸ್ಸಿನ ಹೆಣ್ಣುಮಗಳು. ನನ್ನನ್ನು ನೋಡಿದ್ದೇ ಮಾಸ್ಕ್ ಕೆಳಗೆ ಮಾಡಿ ಎದ್ದು ನಿಂತಳು.

'ಸಾರ್, ನಾನು ಸಿಂಧು. ಪಿರಿಯಾಪಟ್ಟಣದಲ್ಲಿ ನಿಮ್ಮ ಸ್ಟೂಡೆಂಟ್. ಎರಡನೇ ಬೆಂಚು.'

ನನ್ನ ಎದೆ ಎರಡಿಂಚು ಉಬ್ಬಿತು. ಅವ್ವನ ಕಡೆ ನೋಡಿದೆ. ಹೆಂಡತಿ ಕಡೆಗೂ ನೋಡಿದೆ. ಆ ಹುರುಪಿನಲ್ಲೇ, 'ಏನಿಲ್ಲಮ್ಮ, ಒಂದು ಹಾಲುಹಲ್ಲು ಕೆಟ್ಟಿದೆ. ಕಿತ್ತು ಹಾಕಿಬಿಡು' ಎಂದೆ.

ಸಿಂಧು ಮಗುವಿನ ಬಾಯಿ ನೋಡಿದಳು. ಮತ್ತೊಮ್ಮೆ ನೋಡಿದಳು. ಆಮೇಲೆ ಬಹಳ ವಿನಯದಿಂದ ಕೇಳಿದಳು.

'ಸಾರ್, ಹಾಲುಹಲ್ಲು ಒಟ್ಟು ಎಷ್ಟು?'

'ಇಪ್ಪತ್ತು.'

'ಕೆಳಗಿನ ದವಡೆಗೆ?'

'ಹತ್ತು.'

'ಒಂದು ಪಕ್ಕಕ್ಕೆ?'

'ಐದು.' ನನಗೆ ಇನ್ನೂ ಹೊಳೆದಿರಲಿಲ್ಲ ನೋಡಿ. ಸರಿಯುತ್ತರ ಕೊಡುತ್ತಿದ್ದೇನೆ ಎಂಬ ಸಂತೋಷದಲ್ಲಿದ್ದೆ.

ಅವಳು ನನ್ನ ಕೈಗೆ ಒಂದು ಗ್ಲೌಸ್ ಕೊಟ್ಟಳು. 'ಮುಂದಿನ ಎರಡು ಬಿದ್ದು ಹೊಸದು ಬಂದಿದೆ. ಅದೇ ಜಾಗದಲ್ಲೇ ಬಂದಿರೋದ್ರಿಂದ ಲೆಕ್ಕ ಬದಲಾಗಲ್ಲ. ಮಧ್ಯದಿಂದ ಎಣಿಸಿ ಸಾರ್.'

ಮಗಳ ಬಾಯಿಗೆ ಬೆರಳು ಹಾಕಿ ಎಣಿಸಿದೆ. ಒಂದು, ಎರಡು, ಮೂರು, ನಾಲ್ಕು, ಐದು. ಗುಳಿ ಬಿದ್ದ ಹಲ್ಲಿನ ಹತ್ತಿರ ಬಂದಾಗ ಬೆರಳು ನಿಂತಿತು.

'ಆರು' ಎಂದೆ.

'ಐದೇ ಹಾಲುಹಲ್ಲು ಇರೋ ಕಡೆ ಆರನೇದು ಹೇಗೆ ಹಾಲುಹಲ್ಲಾಗುತ್ತೆ ಸಾರ್?'

ನಾನು ಮೆಲ್ಲಗೆ ಬೆರಳು ಹೊರಗೆ ತೆಗೆದೆ.

ಆಮೇಲೆ ಅವಳೇ ಬಿಡಿಸಿ ಹೇಳಿದಳು. ಈ ಆರನೇ ಹಲ್ಲು ಯಾವ ಹಲ್ಲನ್ನೂ ಬೀಳಿಸಿ ಬರುವುದಿಲ್ಲವಂತೆ. ಆರೇಳು ವರ್ಷಕ್ಕೆ ಹಾಲುಹಲ್ಲುಗಳ ಹಿಂದಿನ ಖಾಲಿ ಜಾಗದಲ್ಲಿ ತಾನಾಗಿ ಬರುತ್ತದಂತೆ. ಜೀವನಪೂರ್ತಿ ಅದೇ. ಕಿತ್ತರೆ ಮತ್ತೊಂದು ಬರುವುದಿಲ್ಲ. 'ಇದನ್ನ ಹಾಲುಹಲ್ಲು ಅಂದ್ಕೊಂಡು ಬಿಟ್ಬಿಡ್ತಾರೆ ಸಾರ್. ಬರೋರೆಲ್ಲ ಇದೇ ತಪ್ಪು ಮಾಡೋದು' ಎಂದಳು. ನನ್ನನ್ನು ಸಮಾಧಾನ ಮಾಡಲು ಹೇಳಿದಳೋ ಅಥವಾ ನಿಜವೋ, ಗೊತ್ತಿಲ್ಲ. ನಾನು ಪ್ರತಿವರ್ಷ ಬೋರ್ಡಿನ ಮೇಲೆ ಬಾಚಿಹಲ್ಲು, ಕೋರೆಹಲ್ಲು, ದವಡೆಹಲ್ಲು ಎಂದು ಬಣ್ಣದ ಚಾಕಿನಲ್ಲಿ ಚಿತ್ರ ಬರೆಯುತ್ತೇನೆ. ಚಿತ್ರ ಚೆನ್ನಾಗಿಯೇ ಬರುತ್ತದೆ.

ಅವ್ವ ಒಂದು ಹೆಜ್ಜೆ ಮುಂದೆ ಬಂದಳು.

'ಅಂಗಾರೆ ಡಾಕ್ಟ್ರವ್ವ, ಇವುನ್ಗೂ ಅದೇನಾ ಆಗಿದ್ದು? ಇವುನ್ಗೆ ಅತ್ತು ವರ್ಸ. ಅದೇ ಜಾಗ್ದಲ್ಲಿ ನೋವು ಅಂದ. ಊರ್ಗೆ ಬಂದಿದ್ದ ಅಲ್ಲು ಕೀಳೋನ್ ತಾವ ಕೀಳ್ಸುದ್ವಿ. ಸಗಣೀಲಿ ಇಟ್ಟು ಮನೆ ಮ್ಯಾಕೆ ಎಸ್ದೆ. ವರ್ಸ ಕಾಯ್ದೆ, ಎಲ್ಡು ವರ್ಸ ಕಾಯ್ದೆ, ಬರ್ನೇ ಇಲ್ಲ. ನಾನ್ ಎಸ್ದಿದ್ದೇ ಸರಿ ಬೀಳ್ನಿಲ್ಲ ಅಂದ್ಕಂಡಿದ್ದೆ ಕಣವ್ವ, ಇಷ್ಟು ದಿನ.'

ಸಿಂಧು ನಕ್ಕಳು. ಸವಿತಾ ಬಾಯಿಗೆ ಸೆರಗು ಅಡ್ಡ ಹಿಡಿದಳು. ಅವ್ವ ನಗಲಿಲ್ಲ. ನನ್ನ ನಾಲಗೆ ತಾನಾಗಿಯೇ ಆ ಖಾಲಿ ಜಾಗಕ್ಕೆ ಹೋಯಿತು. ನಲವತ್ತು ವರ್ಷದಿಂದ ಬಲಗಡೆಯೇ ಅಗಿಯುತ್ತಿದ್ದೇನೆ, ಯಾಕೆ ಎಂದು ಒಂದು ದಿನವೂ ಯೋಚಿಸಿದವನಲ್ಲ.

ನಮ್ಮಪ್ಪ ಎತ್ತು ಕೊಳ್ಳುವಾಗ ಮೊದಲು ಮಾಡುತ್ತಿದ್ದ ಕೆಲಸ ಅದರ ತುಟಿ ಎತ್ತಿ ಹಲ್ಲು ನೋಡುವುದು. ಎರಡಲ್ಲು, ನಾಲ್ಕಲ್ಲು, ಆರಲ್ಲು ಎಂದು ಅದರ ವಯಸ್ಸಿನ ಲೆಕ್ಕ. ಮಾರುವವನು ಏನೇ ಪ್ರಮಾಣ ಮಾಡಲಿ, ಅಪ್ಪ ನಂಬುತ್ತಿದ್ದುದು ಎತ್ತಿನ ಬಾಯನ್ನು ಮಾತ್ರ. ಕೊಟ್ಟಿಗೆಯ ಒಂದೊಂದು ಕರುವಿನ ಹಲ್ಲಿನ ಲೆಕ್ಕವೂ ಅವನಿಗೆ ಬಾಯಿಪಾಠ. ಅದೇ ಮನೆಯಲ್ಲಿ ನಾವು ನಾಲ್ಕು ಮಕ್ಕಳಿದ್ದೆವು. ನಮ್ಮ ತುಟಿ ಎತ್ತಿ ನೋಡಿದವರಿಲ್ಲ. ನಮ್ಮನ್ನು ಯಾರೂ ಕೊಳ್ಳುತ್ತಿರಲಿಲ್ಲವಲ್ಲ!

ಅಪ್ಪನನ್ನು ಏನೆಂದು ಬೈಯಲಿ? ಅವನು ಓದಿದವನಲ್ಲ. ನಾನು ಓದಿದವನು. ಮೊಬೈಲಿನ ಬ್ಯಾಟರಿ ಎಷ್ಟಿದೆ ಎಂದು ದಿನಕ್ಕೆ ಹತ್ತು ಸಲ ನೋಡುತ್ತೇನೆ, ಸ್ಕೂಟರಿನ ಆಯಿಲ್ ತಪ್ಪದೆ ಬದಲಾಯಿಸುತ್ತೇನೆ. ಎರಡು ವರ್ಷದಿಂದ ಮಗಳ ಬಾಯಲ್ಲಿ ಒಂದು ಹೊಸ ಹಲ್ಲು ಬಂದು ಕೂತಿದೆ, ನನಗೆ ಗೊತ್ತಿಲ್ಲ. ನಾಚಿಕೆಯಾಯಿತು. ಎಕ್ಸ್‌ರೇ ನೋಡಿದ ಮೇಲೆ ನಾಚಿಕೆ ಹೋಗಿ ಭಯ ಬಂತು.

'ನರದ ಹತ್ತಿರಕ್ಕೆ ಹೋಗಿದೆ ಸಾರ್. ಬೇರು ಇನ್ನೂ ಪೂರ್ತಿ ಬೆಳೆದಿಲ್ಲ. ಔಷಧಿ ಇಟ್ಟು ಮುಚ್ತೀನಿ, ಮೂರು ತಿಂಗಳು ನೋಡೋಣ. ಉಳಿಯುತ್ತೆ ಅಂತ ಈಗಲೇ ಹೇಳಲ್ಲ' ಎಂದಳು ಸಿಂಧು. ಆಮೇಲೆ ನನ್ನ ಕೈಗೆ ಒಂದು ಪುಟ್ಟ ಬ್ರಷ್ ಕೊಟ್ಟು, 'ದಿನಾ ಎರಡು ಸಲ. ರಾತ್ರಿದು ನೀವೇ ಉಜ್ಜಬೇಕು. ಈ ವಯಸ್ಸಿನಲ್ಲಿ ಮಕ್ಕಳಿಗೆ ಹಿಂದಿನ ಹಲ್ಲಿನವರೆಗೂ ಕೈ ಓಡಲ್ಲ. ವಸಡಿನ ಹತ್ತಿರ ಮೆತ್ತಗೆ ಉಜ್ಜಿ ಸಾರ್' ಎಂದಳು. ಹೋಂವರ್ಕ್ ಕೊಡುವ ಸರದಿ ಅವಳದು.

ಮಕ್ಕಳ ಹಲ್ಲುಜ್ಜುವುದು ಸುಲಭ ಎಂದವರು ಯಾರು? ಮೊದಲ ದಿನ ಮೋಕ್ಷಿತಾ ನನ್ನ ಬೆರಳು ಕಚ್ಚಿದಳು. (ಎಡಗಡೆಯಿಂದಲ್ಲ. ಅಷ್ಟು ಜವಾಬ್ದಾರಿ ಇದೆ.) ಎರಡನೇ ದಿನ ನನ್ನ ಅಂಗಿಗೆಲ್ಲ ನೊರೆ. ಮೂರನೇ ದಿನ ಅವ್ವ ಬಾಗಿಲಲ್ಲಿ ನಿಂತು, 'ಎಮ್ಮೆ ಮೈ ತಿಕ್ಕ್‌ದಂಗೆ ತಿಕ್ಕಬ್ಯಾಡ ಕಣ್ಲಾ, ಮಗೀನ್ ವಸ್ಡು ಕಿತ್ಕಬುಟ್ಟೀಯ!' ಎಂದು ಗದರಿದಳು. ಬೆಲ್ಲದ ಡಬ್ಬಿ ಅಟ್ಟಕ್ಕೆ ಹೋಯಿತು. ಊಟದ ಜೊತೆಗೆ ಎಷ್ಟಾದರೂ ತಿನ್ನು, ಕೆನ್ನೆಯಲ್ಲಿಟ್ಟುಕೊಂಡು ಕೂರಬೇಡ ಎಂಬ ಕಾನೂನು ಬಂತು. ಭಾವಮೈದುನನಿಗೆ ಬೇಜಾರು. ಬೆಲ್ಲಕ್ಕೆ ಕೆಟ್ಟ ಹೆಸರು ತಂದವನು ಎಂದು ಈಗಲೂ ನನಗೆ ಮುಖ ಕೊಟ್ಟು ಮಾತಾಡುವುದಿಲ್ಲ.

ಹೊಸದಾಗಿ ಕಲಿತವನ ಕಾಟ ನಿಮಗೆ ಗೊತ್ತಲ್ಲ? ಸ್ಟಾಫ್ ರೂಮಿನಲ್ಲಿ ಎಲ್ಲರಿಗೂ ಅವರವರ ಮಕ್ಕಳ ಹಲ್ಲು ಎಣಿಸಿ ಬನ್ನಿ ಎಂದೆ. ಎಚ್.ಡಿ. ಕೋಟೆಯಿಂದ ಬಸ್ಸಿನಲ್ಲಿ ಓಡಾಡುವ ಗಣಿತದ ಮೇಷ್ಟರು, 'ಬಿದ್ದೋಗೋ ಹಲ್ಲು ಎಣಿಸಿ ಏನ್ ಮಾಡ್ಲಿ ಬುಡಿ ಸಾರ್' ಎಂದು ನಕ್ಕರು. ಮಾರನೇ ದಿನ ನಗಲಿಲ್ಲ. ಮಗನ ಬಾಯಲ್ಲಿ ಆರು ಸಿಕ್ಕಿತ್ತು. ಎರಡು ಪಕ್ಕದಲ್ಲೂ. ಅವನನ್ನು ಕ್ಲಿನಿಕ್ಕಿಗೆ ಯಾವಾಗ ಕರೆದುಕೊಂಡು ಹೋಗುವುದು ಎಂದು ನನ್ನನ್ನೇ ಕೇಳಿದರು.

ಮೂರು ತಿಂಗಳು ನಾನು ಪ್ರತಿದಿನ ಟಾರ್ಚ್ ಹಾಕಿ ನೋಡಿದೆ. ನೋವಾ? ಇಲ್ಲ. ತಣ್ಣೀರು ಜುಮ್ ಅನ್ನುತ್ತಾ? ಇಲ್ಲ. ಸುಳ್ಳು ಹೇಳುತ್ತಿಲ್ಲ ತಾನೆ? ಅಪ್ಪಾ, ಬಾಯಿ ಮುಚ್ಚಲಾ?

ಕಳೆದ ಶನಿವಾರ ಮತ್ತೆ ಎಕ್ಸ್‌ರೇ ಆಯಿತು. ಸಿಂಧು ಅದನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದಷ್ಟು ಹೊತ್ತೂ ನಾನು ಎಸ್ಸೆಸ್ಸೆಲ್ಸಿ ರಿಸಲ್ಟ್‌ಗೆ ಕಾಯುವವನಂತೆ ನಿಂತಿದ್ದೆ. 'ಬೇರು ಬೆಳೀತಿದೆ ಸಾರ್. ಹಲ್ಲು ಉಳೀತು' ಎಂದಳು. ಅವ್ವ ಅಲ್ಲೇ ಕೈ ಮುಗಿದಳು. ಯಾರಿಗೆ ಎಂದು ನೋಡಿದೆ. ಡಾಕ್ಟರಿಗೇ.

ಅಂದು ಊಟವಾದ ಮೇಲೆ ಎಂದಿನಂತೆ ಮಗಳನ್ನು ಸಿಂಕಿನ ಮುಂದೆ ಸ್ಟೂಲಿನ ಮೇಲೆ ನಿಲ್ಲಿಸಿಕೊಂಡು ಹಲ್ಲುಜ್ಜುತ್ತಿದ್ದೆ. ಖುಷಿಯಲ್ಲಿದ್ದೆ. ಸಣ್ಣದೊಂದು ಭಾಷಣವೂ ಶುರುವಾಯಿತು.

'ನೋಡು ಮೋಕ್ಷಿ, ಈ ಹಲ್ಲನ್ನ ಚೆನ್ನಾಗಿ ನೋಡ್ಕೊಂಡ್ರೆ ನೀನು ನಿಮ್ಮಜ್ಜಿಯಷ್ಟು ವಯಸ್ಸಾಗೋ ತನಕ ಇರುತ್ತೆ.'

ಅವಳು ಬಾಯಿ ತುಂಬ ನೊರೆ ಇಟ್ಟುಕೊಂಡು ಕನ್ನಡಿಯಲ್ಲಿ ನನ್ನನ್ನು ಸ್ವಲ್ಪ ಹೊತ್ತು ನೋಡಿದಳು. ಬೆರಳು ಮಡಚಿ ಏನೋ ಲೆಕ್ಕ ಹಾಕಿದಳು. ಉಗಿದಳು. ಬಾಯಿ ಒರೆಸಿಕೊಂಡಳು.

'ಅಪ್ಪ, ಅಂದ್ರೆ ನೀನು ಸತ್ತೋದ್ಮೇಲೂ ಉಜ್ಜಬೇಕಾ?'